ನಾಲ್ಕು ಅರ್ಧ ಸ್ವೆಟರ್

ಪಾತ್ರೆ ತೊಳೀತಾ ಕೇಳ್ತಿರೋರು, ಬಸ್ಸಲ್ಲಿ ಒಂದೇ ಇಯರ್‌ಫೋನನ್ನ ಫ್ರೆಂಡ್ ಜೊತೆ ಹಂಚ್ಕೊಂಡು ಕೇಳ್ತಿರೋರು, ನಿದ್ದೆ ಬರೋವರೆಗೆ ಕಿವೀಲಿ ಏನಾದ್ರೂ ಇರ್ಲಿ ಅಂತ ಹಾಕ್ಕೊಂಡಿರೋರು, ಎಲ್ಲರಿಗೂ ಸ್ವಾಗತ.

ಇವತ್ತಿನ ಮಾತು ಹೆಣಿಗೆ ಬಗ್ಗೆ. ಹೌದು, ಸ್ವೆಟರ್ ಹೆಣೆಯೋದು, ಕ್ರೋಶಾ, ಉಲ್ಲನ್ ದಾರ, ಅದೇ. ಚಿತ್ರದುರ್ಗದ ಬಿಸಿಲಿಗೆ ಸ್ವೆಟರ್ ಯಾಕಮ್ಮ ಅಂತ ನಗ್ತಿರೋರು ಡಿಸೆಂಬರ್‌ನಲ್ಲಿ ಒಂದಿನ ಬೆಳಿಗ್ಗೆ ಆರಕ್ಕೆ ಚಂದ್ರವಳ್ಳಿ ಕೆರೆ ಹತ್ರ ವಾಕಿಂಗ್ ಬನ್ನಿ. ಜೋಗಿಮಟ್ಟಿ ಗುಡ್ಡದ ಮೇಲೆ ಸುಮ್ನೆ ಗಾಳಿಯಂತ್ರ ನಿಲ್ಸಿಲ್ಲ.

ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು. "ಅಕ್ಕ, ಆಫೀಸಿಗೆ ಹೋಗ್ತೀರ, ಪಾಡ್‌ಕಾಸ್ಟ್ ಮಾಡ್ತೀರ, ಮನೆ ಕೆಲಸಾನೂ ಇರುತ್ತೆ. ನಿಮ್ಮ ಸ್ಟೋರಿ ನೋಡಿದ್ರೆ ಒಂದೇ ಸಲಕ್ಕೆ ನಾಲ್ಕು ಹೆಣಿಗೆ ಕಾಣುತ್ತೆ. ಒಂದು ಮುಗಿಸಿ ಇನ್ನೊಂದು ಶುರು ಮಾಡ್ಬಾರ್ದಾ?" ಪ್ರಶ್ನೆ ಚೆನ್ನಾಗಿದೆ. ಇದನ್ನೇ ನಮ್ಮಮ್ಮ ದಿನಾ ಕೇಳ್ತಾರೆ, ಇಷ್ಟು ಮರ್ಯಾದೆಯಿಂದ ಕೇಳಲ್ಲ ಅಷ್ಟೇ.

ಮೊದಲು ಲೆಕ್ಕ ಹೇಳ್ತೀನಿ. ಬಿ.ಕಾಂ. ಓದಿದ್ದೀನಲ್ಲ, ಲೆಕ್ಕ ಹೇಳದೆ ಇರೋಕಾಗಲ್ಲ. ಕಾಸ್ಟ್ ಅಕೌಂಟಿಂಗ್ ಓದಿದವರಿಗೆ ವರ್ಕ್ ಇನ್ ಪ್ರೋಗ್ರೆಸ್ ಅನ್ನೋ ಮಾತು ನೆನಪಿರುತ್ತೆ. ಕಾರ್ಖಾನೆಯಲ್ಲಿ ತಿಂಗಳ ಕೊನೆಗೆ ಅರ್ಧ ತಯಾರಾಗಿ ನಿಂತಿರೋ ಸರಕು. ಅದಕ್ಕೂ ಬೆಲೆ ಕಟ್ಟಬೇಕು. ಹೇಗೆ ಅಂದ್ರೆ, 100 ಕುರ್ಚಿ ಅರ್ಧರ್ಧ ಆಗಿದ್ರೆ ಕೂಲಿ ಲೆಕ್ಕಕ್ಕೆ ಅದು 50 ಕುರ್ಚಿಗೆ ಸಮ. ಈಕ್ವಿವೆಲೆಂಟ್ ಯೂನಿಟ್ ಅಂತಾರೆ. ಮಜಾ ಏನಂದ್ರೆ, ಪ್ರಪಂಚದ ಎಲ್ಲಾ ಕಡೆ ಹೆಣಿಗೆ ಹಾಕೋರೂ ಅರ್ಧಕ್ಕೆ ನಿಂತ ಕೆಲಸಕ್ಕೆ ಇದೇ ಹೆಸರನ್ನ ಚಿಕ್ಕದು ಮಾಡಿ ವಿಪ್ ಅಂತ ಕರೀತಾರೆ. ಕಾಲೇಜಲ್ಲಿ ಇದನ್ನ ಯಾರಾದ್ರೂ ಹೇಳಿದ್ರೆ ನಾನು ಆ ಚಾಪ್ಟರ್ ಇನ್ನೂ ಚೆನ್ನಾಗಿ ಓದ್ತಿದ್ದೆ.

ಈ ಲೆಕ್ಕದ ಪ್ರಕಾರ ನಾಲ್ಕು ಅರ್ಧ ಸ್ವೆಟರ್ ಅಂದ್ರೆ ಎರಡು ಸ್ವೆಟರ್. ಚಳಿಗೆ ಮಾತ್ರ ಸೊನ್ನೆ. ಹಾಕ್ಕೊಳ್ಳೋಕೆ ಒಂದೂ ಇಲ್ಲ.

ಇನ್ನೊಂದು ವಿಷಯ. ಕೂಲಿ ಅರ್ಧ ಆಗಿರುತ್ತೆ, ಆದರೆ ಮಾಲಿನ ದುಡ್ಡು ಪೂರ್ತಿ ಹೋಗಿರುತ್ತೆ. ಯಾಕಂದ್ರೆ ದಾರ ಸ್ವಲ್ಪ ಸ್ವಲ್ಪ ತರೋ ಹಾಗಿಲ್ಲ. ಉಂಡೆ ಮೇಲಿರೋ ಕಾಗದದ ಪಟ್ಟಿ ನೋಡಿ, ಬಣ್ಣದ ನಂಬರ್ ಪಕ್ಕದಲ್ಲೇ ಲಾಟ್ ನಂಬರ್ ಇರುತ್ತೆ. ಒಂದೇ ಸಲ ಬಣ್ಣಕ್ಕೆ ಹಾಕಿದ ದಾರಕ್ಕೆ ಒಂದು ಲಾಟ್. ಮುಂದಿನ ತಿಂಗಳು ಲಕ್ಷ್ಮೀ ಬಜಾರ್‌ಗೆ ಹೋಗಿ ಅದೇ ಬಣ್ಣ ತಂದ್ರೂ ಲಾಟ್ ಬೇರೆ ಆಗಿದ್ರೆ ಬೆನ್ನು ಒಂದು ನೀಲಿ, ತೋಳು ಇನ್ನೊಂದು ನೀಲಿ. ಅಂಗಡಿ ಟ್ಯೂಬ್‌ಲೈಟಲ್ಲಿ ಗೊತ್ತಾಗಲ್ಲ, ಬಿಸಿಲಿಗೆ ಬಂದಾಗ ಗೊತ್ತಾಗುತ್ತೆ. ಹಾಗಾಗಿ ದೊಡ್ಡವರ ಸ್ವೆಟರ್‌ಗೆ ಬೇಕಾದ ದಾರ ಪೂರ್ತಿ ಒಂದೇ ಸಲಕ್ಕೆ ತರ್ಬೇಕು. ನಾಲ್ಕು ಕೆಲಸ ಶುರು ಮಾಡಿದ್ರೆ ನಾಲ್ಕರ ದುಡ್ಡೂ ಚೀಲದಲ್ಲಿ ಮಲಗಿರುತ್ತೆ. ನಾನು ಐದನೇದು ಶುರು ಮಾಡದೇ ಇರೋಕೆ ಕಾರಣ ಶಿಸ್ತೂ ಅಲ್ಲ ಮಣ್ಣೂ ಅಲ್ಲ. ತಿಂಗಳ ಕೊನೆ.

ಹಾಗಿದ್ರೆ ನಾಲ್ಕು ಯಾಕೆ ಅಂತ ಕೇಳಿದ್ರೆ, ನನ್ನ ದಿನ ಒಂದೇ ತರ ಇಲ್ಲ ಅದಕ್ಕೆ.

ನಾನು ಒಬ್ಬ ತೆರಿಗೆ ಸಲಹೆಗಾರರ ಹತ್ರ ಅಕೌಂಟ್ಸ್ ನೋಡ್ಕೋತೀನಿ. ಜಿಎಸ್‌ಟಿ ಕೆಲಸ ಮಾಡೋರಿಗೆ ತಿಂಗಳಲ್ಲಿ ಎರಡೇ ತಾರೀಕು, 11 ಮತ್ತು 20. 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಆ ಎರಡು ತಾರೀಕಿನ ಹಿಂದಿನ ಮೂರು ದಿನ ನಾನು ಮನುಷ್ಯಳಲ್ಲ, ಪೋರ್ಟಲ್‌ನ ಒಂದು ಭಾಗ. ಆಗ ಕಡ್ಡಿ ಮುಟ್ಟಲ್ಲ. ವಾರಕ್ಕೆ ಎರಡು ಸಲ ವ್ಯಾಪಾರಿಗಳ ಬಿಲ್ ಪುಸ್ತಕ ತರೋಕೆ ಹೊಳಲ್ಕೆರೆ ಬಸ್ಸು. ಸಂಜೆ ಅಮ್ಮನ ಜೊತೆ ಧಾರಾವಾಹಿ. ಮಧ್ಯೆ ಕರೆಂಟ್ ಹೋಗುತ್ತೆ. ಭಾನುವಾರ ಬೆಳಿಗ್ಗೆ ಮನೆಯವರು ಏಳೋ ಮುಂಚೆ ಒಂದೂವರೆ ಗಂಟೆ. ನನಗೆ ಸಿಗೋ ಟೈಮ್ ಹೀಗೆ ತುಂಡು ತುಂಡು, ಒಂದೊಂದು ತುಂಡಿಗೂ ಒಂದೊಂದು ಸ್ವಭಾವ. ಭಾನುವಾರದ ಕೆಲಸಾನ ಬಸ್ಸಲ್ಲಿ ಮಾಡೋಕಾಗಲ್ಲ.

ಬಸ್ಸಿಗೆ ಕ್ರೋಶಾ. ಇದಕ್ಕೊಂದು ಕಾರಣ ಇದೆ, ಹೆಣಿಗೆ ಗೊತ್ತಿಲ್ಲದವರು ಕೇಳಿಸ್ಕೊಳ್ಳಿ. ಎರಡು ಕಡ್ಡಿ ಹೆಣಿಗೆಯಲ್ಲಿ ಇಡೀ ಸಾಲು ಕಡ್ಡಿ ಮೇಲೆ ಜೀವಂತ ಇರುತ್ತೆ. 120 ಕುಣಿಕೆ ಅಂದ್ರೆ 120 ಬಾಯಿ. ಡ್ರೈವರ್ ಬ್ರೇಕ್ ಹಾಕಿ ಕಡ್ಡಿ ಜಾರಿದ್ರೆ ಅಷ್ಟೂ ಬಿಚ್ಕೊಳ್ಳೋಕೆ ರೆಡಿ. ಕ್ರೋಶಾದಲ್ಲಿ ಸಾಮಾನ್ಯವಾಗಿ ಕೊಕ್ಕೆ ಮೇಲೆ ಒಂದೇ ಕುಣಿಕೆ. ಜಾರಿದ್ರೆ ಒಂದು ಕುಣಿಕೆ ಬಿಚ್ಚುತ್ತೆ, ಮತ್ತೆ ಹಾಕಿದ್ರಾಯ್ತು. ಅದಕ್ಕೇ ಪಕ್ಕದ ಮನೆ ಆಂಟಿ ಕೇಳಿದ್ದ ಬಾಗಿಲು ತೋರಣದ ಹೂವೆಲ್ಲ ಬಸ್ಸಲ್ಲೇ ಆಗೋದು. ಒಂದು ಹೂವಿಗೆ ಹನ್ನೆರಡು ನಿಮಿಷ. ಸೀಟು ಸಿಕ್ಕಿದ್ರೆ ಅಂತ ಸೇರಿಸ್ಕೊಳ್ಳಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಲ್ಲಿ ನಮ್ಮ ಟಿಕೆಟ್ ಉಳೀತು, ಹೂವು ಕಮ್ಮಿ ಆಯ್ತು.

ಹೀಗೆ ಸಣ್ಣ ತುಂಡಲ್ಲಿ ಮಾಡಿ ಆಮೇಲೆ ಜೋಡಿಸೋದಕ್ಕೆ ದೊಡ್ಡ ಉದಾಹರಣೆ ಚೆನ್ನೈಯಲ್ಲಿದೆ. 2016ರ ಜನವರಿ 31ಕ್ಕೆ ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಅನ್ನೋ ಹೆಂಗಸರ ಬಳಗ 11,148.5 ಚದರ ಮೀಟರ್‌ನ ಕ್ರೋಶಾ ಹೊದಿಕೆ ಹರಡಿ ಗಿನ್ನೆಸ್ ದಾಖಲೆ ಮಾಡ್ತು. ಎರಡೂಮುಕ್ಕಾಲು ಎಕರೆ ಹೊದಿಕೆ! ಅದನ್ನ ಯಾರೂ ಒಂದೇ ಕಡೆ ಕೂತು ಹೆಣೆದಿಲ್ಲ. ಬೇರೆ ಬೇರೆ ಊರಿನ ಹೆಂಗಸರು ತಮ್ಮ ತಮ್ಮ ಮನೇಲಿ ಚೌಕ ಚೌಕ ಮಾಡಿ ಕಳಿಸಿದ್ದು. ಒಂದೊಂದು ಚೌಕದ ಹಿಂದೆ ಎಷ್ಟು ಕುಕ್ಕರ್ ವಿಷಲ್ ಇರ್ಬೇಕು ಅಂತ ಯೋಚ್ನೆ ಮಾಡಿ.

ಧಾರಾವಾಹಿ ಟೈಮಿಗೆ ಅಪ್ಪನ ತೋಳಿಲ್ಲದ ಸ್ವೆಟರ್. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ, ಕಣ್ಣು ಟಿವಿ ಮೇಲೆ. ಕರೆಂಟ್ ಹೋದ್ರೂ ಅದು ನಿಲ್ಲಲ್ಲ, ಬೆರಳಿಗೆ ಗೊತ್ತಿರುತ್ತೆ. ಭಾನುವಾರ ಬೆಳಿಗ್ಗೆ ನನ್ನ ಶಾಲು, ತೂತು ತೂತಿನ ಡಿಸೈನು. ಅದರಲ್ಲಿ ಎಣಿಕೆ ತಪ್ಪಿದ್ರೆ ಎಲೆ ಬರೋ ಜಾಗದಲ್ಲಿ ಏನೋ ಬರುತ್ತೆ, ಆ ಟೈಮಲ್ಲಿ ಯಾರೂ ಮಾತಾಡಿಸ್ಬಾರ್ದು. ನಾಲ್ಕನೇದು ಅಕ್ಕನ ಮಗುಗೆ ಸೆಟ್. ಪುಟ್ಟ ಸ್ವೆಟರ್, ಟೋಪಿ, ಕಾಲುಚೀಲ. ಅದು ರಾತ್ರಿ ಊಟ ಆದ್ಮೇಲೆ.

ನಾಲ್ಕು ಚೀಲ, ಪ್ರತಿ ಚೀಲದಲ್ಲೂ ಒಂದು ಚೀಟಿ. ಲಾಟ್ ನಂಬರ್, ಕಡ್ಡಿ ನಂಬರ್, ಎಷ್ಟನೇ ಸಾಲು, ಕೊನೆಗೆ ಒಂದು ವಾಕ್ಯ: "ಮುಂದಿನ ಸಾಲು ಉಲ್ಟಾ." ಹತ್ತು ದಿನ ಬಿಟ್ಟು ಚೀಲ ತೆಗೆಯೋಳು ಬೇರೆ ಯಾರೋ ಅಂತಲೇ ಅಂದ್ಕೊಂಡು ಬರೀಬೇಕು. ಸಾಲು ಎಣಿಸೋಕೆ ಆ್ಯಪ್ ಇದೆ, ನಾನು ಹುಣಸೆ ಬೀಜ ಇಟ್ಕೊಂಡಿದೀನಿ. ಎರಡು ಬಟ್ಟಲು, ಒಂದು ಸಾಲು ಮುಗಿದ್ರೆ ಒಂದು ಬೀಜ ಈ ಕಡೆಯಿಂದ ಆ ಕಡೆ. ಬಾಗಿಲು ಬೆಲ್ ಆದ್ರೂ, ಹಾಲು ಉಕ್ಕಿದ್ರೂ, ಫೋನ್ ಬಂದ್ರೂ ಬೀಜ ಇದ್ದಲ್ಲೇ ಇರುತ್ತೆ. ಮಧ್ಯ ಸಾಲಲ್ಲಿ ಎದ್ದು ಹೋಗ್ಬೇಡಿ, ಆ ಜಾಗದ ಕುಣಿಕೆ ಎಳೆದಂಗಾಗಿ ಗುರುತು ಉಳಿಯುತ್ತೆ. ತಿಂಗಳುಗಟ್ಟಲೆ ಬಿಟ್ಟು ಮತ್ತೆ ಹಿಡಿದಾಗ ಕೈ ಬಿಗಿ ಬದಲಾಗಿರುತ್ತೆ, ಹಾಗಾಗಿ ಬೇರೆ ದಾರದಲ್ಲಿ ನಾಲ್ಕು ಸಾಲು ಹಾಕಿ ಕೈ ಕುದುರಿಸ್ಕೊಂಡು ಆಮೇಲೆ ಅಸಲಿ ಕೆಲಸ ಮುಟ್ಟಿ. ಯೂಟ್ಯೂಬ್ ನೋಡಿ ಕಲೀತಿರೋರಿಗೆ ಒಂದು ಮಾತು. ನಮ್ಮ ಅಂಗಡೀಲಿ ಸಿಗೋ ಕಡ್ಡಿಗೆ ಹಳೇ ಬ್ರಿಟಿಷ್ ನಂಬರು, ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ಸಣ್ಣ. 8 ನಂಬರ್ ಅಂದ್ರೆ 4 ಮಿಲಿಮೀಟರ್, 10 ಅಂದ್ರೆ 3.25. ಅಮೆರಿಕದ ವೀಡಿಯೊಗಳಲ್ಲಿ ಇದು ತಲೆಕೆಳಗು. ಮಿಲಿಮೀಟರ್ ನೋಡಿ ತಗೊಂಡ್ರೆ ಜಗಳವೇ ಇಲ್ಲ.

ಇಷ್ಟು ಕೇಳಿ ನೀವು, ಓ ಟೈಮ್ ಮ್ಯಾನೇಜ್‌ಮೆಂಟ್ ಎಪಿಸೋಡು ಅಂದ್ಕೊಂಡ್ರೆ ಇನ್ನೂ ಸ್ವಲ್ಪ ಕೇಳಿ. ನನಗೆ ತೊಂದರೆ ಟೈಮಿಂದಲ್ಲ. ತೊಂದರೆ ಒಂದು ವಾಕ್ಯದ್ದು. "ಸುಮ್ನೆ ಕೂತಿದೀಯಲ್ಲ."

ನೀವು ಲ್ಯಾಪ್‌ಟಾಪ್ ಮುಂದೆ ಕೂತು ರೀಲ್ಸ್ ನೋಡ್ತಿದ್ರೂ ಮನೇಲಿ, "ಕೆಲಸ ಮಾಡ್ತಿದಾಳೆ, ಕರೀಬೇಡಿ" ಅಂತಾರೆ. ಕೈಲಿ ಕಡ್ಡಿ ಹಿಡಿದು ಕೂತ್ರೆ, "ಸುಮ್ನೆ ಕೂತಿದೀಯಲ್ಲ, ಆ ಬಟ್ಟೆ ಮಡಚಿಡು." "ಸುಮ್ನೆ ಕೂತಿದೀಯಲ್ಲ, ಅಂಗಡಿಗೆ ಹೋಗ್ಬಾ." ಕಡ್ಡಿ ಹಿಡಿದ ಹೆಂಗಸು ಅಂದ್ರೆ ಕೈ ಖಾಲಿ ಇರೋ ಹೆಂಗಸು ಅಂತ ಲೆಕ್ಕ. ಎರಡೂ ಕೈ ತುಂಬಿರೋದು ಯಾರಿಗೂ ಕಾಣಲ್ಲ. ನಮ್ಮ ಓಬವ್ವನ ಕಥೆ ಕೂಡ ನೋಡಿ, ಶುರುವಾಗೋದೇ ಗಂಡ ಊಟಕ್ಕೆ ಕೂತಾಗ ನೀರು ತರೋಕೆ ಹೋದಲ್ಲಿಂದ. ಅಂದ್ರೆ ಬಡಿಸೋ ಕೆಲಸದ ಮಧ್ಯೆ ನೀರಿನ ಕೆಲಸ, ನೀರಿನ ಕೆಲಸದ ಮಧ್ಯೆ ಕೋಟೆ ಕಾಯೋ ಕೆಲಸ. ಶಾಲೆ ನಾಟಕದಲ್ಲಿ ಒನಕೆಗೆ ಚಪ್ಪಾಳೆ, ಮೊದಲೆರಡು ಕೆಲಸ ಯಾರ ಲೆಕ್ಕಕ್ಕೂ ಇಲ್ಲ.

ತೋರಣದ ಕಥೆ ಹೇಳ್ತೀನಿ. ಆಂಟಿ ಕೇಳಿದ್ದು ಹೀಗೆ: "ಖಾಲಿ ಇದ್ದಾಗ ಒಂದು ಮಾಡ್ಕೊಡೆ, ದಾರದ ದುಡ್ಡು ಕೊಡ್ತೀನಿ." ಪ್ರೀತಿಯಿಂದಲೇ ಕೇಳಿದ್ದು, ಅವರ ಮನೆ ಹೋಳಿಗೆ ತಿಂದು ಬೆಳೆದವಳು ನಾನು. ಆದರೂ ಒಂದು ಪುಸ್ತಕದಲ್ಲಿ ಗಂಟೆ ಬರ್ಕೊಂಡೆ. ಒಟ್ಟು 22 ಗಂಟೆ. ಯಾವ ರೇಟ್ ಹಾಕೋದು? ನನ್ನ ಕಲೆಗೆ ಬೆಲೆ ಅಂತೆಲ್ಲ ಹೋಗ್ಲಿಲ್ಲ. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕಕ್ಕೆ 2025-26ರಲ್ಲಿ ನಿಗದಿಯಾದ ಕೂಲಿ ದಿನಕ್ಕೆ 370 ರೂಪಾಯಿ. ಎಂಟು ಗಂಟೆಗೆ ಭಾಗಿಸಿದ್ರೆ ಗಂಟೆಗೆ 46 ರೂಪಾಯಿ 25 ಪೈಸೆ. 22 ಗಂಟೆಗೆ 1,017 ರೂಪಾಯಿ 50 ಪೈಸೆ, ದಾರ 260. ಒಟ್ಟು 1,277 ರೂಪಾಯಿ 50 ಪೈಸೆ. ಆಂಟಿಗೆ ಬಿಲ್ ಕೊಡ್ಲಿಲ್ಲ, ಪುಸ್ತಕ ತೋರಿಸಿದೆ. ಅವರು ಸುಮಾರು ಹೊತ್ತು ನೋಡಿ, "22 ಗಂಟೆನಾ?" ಅಂದ್ರು. ದುಡ್ಡು ನೋಡಿ ಬೆಚ್ಚಿಬೀಳ್ತಾರೆ ಅಂದ್ಕೊಂಡಿದ್ದೆ. ಅವರಿಗೆ ಆಶ್ಚರ್ಯ ಆಗಿದ್ದು ಗಂಟೆ ನೋಡಿ. ಸಾವಿರ ರೂಪಾಯಿ ಕೊಟ್ರು, ಮಗಳ ಮನೆಗೆ ಇನ್ನೊಂದು ಬೇಕು ಅಂದ್ರು, ಆದರೆ ಅದಕ್ಕೆ ಆನ್‌ಲೈನಲ್ಲಿ ಮೆಷಿನ್‌ದು ತರಿಸ್ಕೊಂಡ್ರು. ನನಗೇನೂ ಬೇಜಾರಿಲ್ಲ. ಅವರ ಬಾಗಿಲು, ಅವರ ದುಡ್ಡು.

ಗಂಟೆ ಬರ್ಕೊಳ್ಳೋ ಅಭ್ಯಾಸ ನನಗೆ ಬಂದಿದ್ದು ಚಳ್ಳಕೆರೆ ಕಡೆ ಹೋದ್ಮೇಲೆ. ನಮ್ಮ ಜಿಲ್ಲೇಲಿ ಉಣ್ಣೆ ಅಂದ್ರೆ ಮೊದಲು ಕಂಬಳಿ, ಕಂಬಳಿ ಅಂದ್ರೆ ಚಳ್ಳಕೆರೆ. ಮದುವೆಗೆ, ದೇವರ ಕಾರ್ಯಕ್ಕೆ ಕಂಬಳಿ ಹಾಸಿ ಗದ್ದಿಗೆ ಮಾಡೋದನ್ನ ನಮ್ಮ ಕಡೆಯವರು ನೋಡೇ ಇರ್ತೀರ. ಒಂದು ಹಳ್ಳೀಲಿ ನೇಯೋರ ಮನೆಗೆ ಆಡಿಯೊ ರೆಕಾರ್ಡ್ ಮಾಡೋಕೆ ಹೋಗಿದ್ದೆ. ಮಗ್ಗದ ಸದ್ದು ಚೆನ್ನಾಗಿ ಬರುತ್ತೆ ಅಂತ ಆಸೆ. ಒಳಗೆ ಮಗ ಗುಂಡಿ ಮಗ್ಗದಲ್ಲಿ ನೇಯ್ತಿದ್ರು. ಹೊರಗೆ ಜಗಲಿ ಮೇಲೆ ಅವರ ತಾಯಿ ರಾಟೆ ಮುಂದೆ ಕೂತು ನೂಲು ತೆಗೀತಿದ್ರು. ಕುರಿ ಉಣ್ಣೆ ಕತ್ತರಿಸಿ, ಬಣ್ಣ ಬಣ್ಣ ಬೇರೆ ಮಾಡಿ, ಹಿಂಜಿ, ನೂತು, ಹಾಸಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸಿ ಆಮೇಲೆ ಮಗ್ಗ. ಹೌದು, ನಾನು ಸಾಲು ಎಣಿಸೋ ಅದೇ ಹುಣಸೆ ಬೀಜ, ಅಲ್ಲಿ ಅರೆದು ಬೇಯಿಸಿ ಅಂಟು ಮಾಡ್ತಾರೆ. ಎಳೆ ಗಟ್ಟಿಯಾಗ್ಲಿ ಅಂತ. ನೂಲೋದು ಹೆಚ್ಚಾಗಿ ಹೆಂಗಸರು, ನೇಯೋದು ಹೆಚ್ಚಾಗಿ ಗಂಡಸರು.

ಮಗನ್ನ ಕೇಳಿದೆ, ಒಂದು ಕಂಬಳಿಗೆ ಎಷ್ಟು ದಿನ ಅಂತ. ತಕ್ಷಣ ಹೇಳಿದ್ರು. ಅಜ್ಜೀನ ಕೇಳಿದೆ, "ಅಜ್ಜಿ, ದಿನಕ್ಕೆ ಎಷ್ಟು ಗಂಟೆ ನೂಲ್ತೀರ?"

"ಗಂಟೆ ಯಾರು ನೋಡ್ತಾರವ್ವ? ಮುದ್ದೆಗೆ ಎಸರು ಕಾಯೋ ಮಟ ಒಂದೀಟು, ದನ ಬರೋ ಮಟ ಒಂದೀಟು, ಮಗ ಮಲಗಿದ್ರೆ ಒಂದೀಟು."

ಮಗ ಅಂದ್ರೆ ಮೊಮ್ಮಗ, ಪಕ್ಕದಲ್ಲೇ ಜೋಲೀಲಿ ಮಲಗಿತ್ತು. ನಾನು ನಾಲ್ಕು ಚೀಲ, ಚೀಟಿ, ಬೀಜ ಅಂತ ಏನೇನು ಕಂಡುಕೊಂಡಿದೀನಿ ಅಂದ್ಕೊಂಡಿದ್ನೋ ಅದನ್ನೆಲ್ಲ ಈ ಅಜ್ಜಿ ಅರವತ್ತು ವರ್ಷದಿಂದ ಮಾಡ್ತಿದಾರೆ. ರಾಟೆ ಕೆಲಸವೇ ಹಾಗಿದೆ, ಎದ್ದು ಹೋಗಿ ಬಂದ್ರೂ ಎಳೆ ಅಲ್ಲೇ ಕಾಯುತ್ತೆ. ಆದರೆ ಎಲ್ಲಿ ಬೇಕಾದ್ರೂ ನಿಲ್ಲಿಸ್ಬಹುದಾದ ಕೆಲಸಕ್ಕೆ ಅದೇ ಶಾಪ ಆಗುತ್ತೆ. ನಿಲ್ಲಿಸ್ಬಹುದು ಅಂತ ಎಲ್ಲರೂ ನಿಲ್ಲಿಸ್ತಾರೆ. ಒಂದೀಟು ಒಂದೀಟು ಅಂತ ಸೇರಿದ ಕೆಲಸಕ್ಕೆ ಕೂಲಿ ಕಾಲಂ ಇರಲ್ಲ. ಕಂಬಳಿ ಮಾರಿದ ದುಡ್ಡಲ್ಲಿ ಉಣ್ಣೆ ಖರ್ಚು ಕಳೆದು ಉಳಿದಿದ್ದು ನೇಯ್ದವನ ದುಡಿಮೆ ಅಂತಾರೆ, ನೂತಿದ್ದು ಮನೆ ಕೆಲಸದಲ್ಲಿ ಸೇರಿಹೋಗುತ್ತೆ. ಕಾಸ್ಟ್ ಶೀಟ್ ಅಂತ ನೋಡಿದ್ರೆ ಇದು ಪಾಸಾಗೋ ಶೀಟೇ ಅಲ್ಲ.

ಇನ್ನೊಂದು ವಿಚಿತ್ರ ಹೇಳ್ತೀನಿ. ಇಷ್ಟು ಕುರಿ ಇರೋ ಜಿಲ್ಲೇಲಿ ನಾವು ಹೆಣೆಯೋ ದಾರದಲ್ಲಿ ಕುರಿ ಇಲ್ಲ. ನಮ್ಮ ಕಡೆಯ ದಖನಿ, ಬಳ್ಳಾರಿ ತಳಿಗಳ ಉಣ್ಣೆ ಒರಟು. ಕಂಬಳಿಗೆ ಸರಿ, ಮಳೆ ಚಳಿ ತಡೆಯುತ್ತೆ, ಮೈಗೆ ಚುಚ್ಚುತ್ತೆ. ಅಂಗಡೀಲಿ ನಾವು ಉಲ್ಲನ್ ಉಲ್ಲನ್ ಅಂತ ಕೇಳಿ ತರೋದು ಹೆಚ್ಚಾಗಿ ಲೂಧಿಯಾನದ ಕಂಪನಿಗಳ ಅಕ್ರಿಲಿಕ್, ವರ್ಧಮಾನ್, ಓಸ್ವಾಲ್, ಅಂಥವು. ಅಕ್ರಿಲಿಕ್ ಅಂದ್ರೆ ಪೆಟ್ರೋಲಿಯಂನಿಂದ ಬರೋ ಎಳೆ. ತಪ್ಪೇನಿಲ್ಲ, ಅಗ್ಗ, ಮೆತ್ತಗಿರುತ್ತೆ, ಮೆಷಿನ್‌ಗೆ ಹಾಕ್ಬಹುದು. ಆದರೆ ಬಾಣಂತಿ ಮನೆಗೆ ಹೆಣೆಯೋರು ಒಂದು ತಿಳ್ಕೊಳ್ಳಿ. ಉಣ್ಣೆಗೆ ಕಿಡಿ ತಾಗಿದ್ರೆ ಕರಕಲಾಗುತ್ತೆ, ಬೆಂಕಿ ಸುಲಭವಾಗಿ ಹತ್ತಲ್ಲ. ಅಕ್ರಿಲಿಕ್ ಕರಗಿ ಮೈಗೆ ಅಂಟುತ್ತೆ. ಕೆಂಡ ಇಟ್ಟು ಸಾಂಬ್ರಾಣಿ ಹೊಗೆ ಹಾಕೋ ಮನೆಗಳಲ್ಲಿ ಮಗುಗೆ ಅಕ್ರಿಲಿಕ್ ಟೋಪಿ ಹಾಕ್ಕೊಂಡು ಹತ್ರ ಹೋಗ್ಲೇಬೇಡಿ. ಹೊಗೆಯೇ ಬೇಡ ಅಂತಾರೆ ಡಾಕ್ಟರು, ಅದು ಅಜ್ಜಿಯರ ಹತ್ರ ನೀವೇ ಮಾತಾಡ್ಕೊಳ್ಳಿ.

ಮಗು ವಿಷಯ ಬಂತಲ್ಲ. ಅಕ್ಕನ್ನ ಕೊಟ್ಟಿದ್ದು ಹೊಸದುರ್ಗಕ್ಕೆ. ಹೆರಿಗೆಗೆ ತವರುಮನೆಗೆ ಬಂದಿದ್ಲು. ಜನವರಿ ಅಂತ ಡೇಟ್ ಕೊಟ್ಟಿದ್ರು, ನಾನು ಚೀಟೀಲಿ "ಡಿಸೆಂಬರ್ 31ರೊಳಗೆ" ಅಂತ ಬರೆದಿದ್ದೆ. ಮಗು ಬಂದಿದ್ದು ನವೆಂಬರ್ 18ಕ್ಕೆ. ಎಂಟನೇ ತಿಂಗಳು. ಒಂದು ಕೆಜಿ 700 ಗ್ರಾಂ. ಹುಟ್ಟಿದಾಗ ಎರಡೂವರೆ ಕೆಜಿಗಿಂತ ಕಮ್ಮಿ ಇದ್ರೆ ಕಡಿಮೆ ತೂಕ ಅಂತಾರೆ, ಇದು ಅದಕ್ಕಿಂತ ಎಷ್ಟೋ ಕಮ್ಮಿ. ಅಷ್ಟು ಸಣ್ಣ ಮಕ್ಕಳಿಗೆ ಮೈ ಬಿಸಿ ಹಿಡ್ಕೊಳ್ಳೋಕೆ ಆಗಲ್ಲ. ಮೈಗೆ ಹೋಲಿಸಿದ್ರೆ ತಲೆ ದೊಡ್ಡದು, ತಲೆಯಿಂದಲೇ ಬಿಸಿ ಹೋಗ್ತಿರುತ್ತೆ. ಸಿಸ್ಟರ್ ಬಂದು, "ಟೋಪಿ, ಕಾಲುಚೀಲ ತನ್ನಿ, ಸಣ್ಣದು ತನ್ನಿ, ಎರಡು ಮೂರು ತನ್ನಿ, ಒದ್ದೆ ಆಗುತ್ತೆ" ಅಂದ್ರು. ಅಂಗಡಿ ಟೋಪಿ ಹಾಕಿ ನೋಡಿದ್ರು, ಮೂಗಿನವರೆಗೆ ಇಳೀತು. ನನ್ನ ಸೆಟ್‌ನ ಟೋಪಿ ಮುಗಿದಿತ್ತು, ಅದೂ ತಿಂಗಳು ತುಂಬಿದ ಮಗುವಿನ ಅಳತೆ.

ಅವತ್ತು ತಾರೀಕು 18. ಆಫೀಸಲ್ಲಿ 20ರ ಕೆಲಸ ಬಾಕಿ.

ಮನೆಗೆ ಬಂದೆ. ಅಳತೆಗೆ ಏನು ಮಾಡೋದು? ಮಗು ತಲೆ ಸುತ್ತಳತೆ 30 ಸೆಂಟಿಮೀಟರ್ ಹತ್ರ ಅಂತ ಕೇಳ್ಕೊಂಡು ಬಂದಿದ್ದೆ. ಅಮ್ಮ ಏನೂ ಮಾತಾಡದೆ ಅಡುಗೆಮನೆಗೆ ಹೋಗಿ ಭಾವ ತೋಟದಿಂದ ತಂದಿಟ್ಟಿದ್ದ ಕಾಯಿ ರಾಶೀಲಿ ಹುಡುಕಿ ಸುಲಿದ ಸಣ್ಣ ತೆಂಗಿನಕಾಯಿ ಒಂದನ್ನ ಟೇಪ್ ಹಿಡಿದು ಅಳೆದು ತಂದು ನನ್ನ ಮುಂದಿಟ್ರು. 30ಕ್ಕೆ ಸರಿಯಾಗಿತ್ತು. 11 ನಂಬರ್ ಕಡ್ಡಿ, ಮಗು ಸೆಟ್‌ನಲ್ಲಿ ಉಳಿದಿದ್ದ ದಾರ. ಹತ್ತು ಗಂಟೆಗೆ ಶುರು ಮಾಡಿದ್ದು, ತೆಂಗಿನಕಾಯಿಗೆ ಹಾಕಿ ಹಾಕಿ ನೋಡ್ತಾ, ಒಂದು ಗಂಟೆಗೆ ಟೋಪಿ ಮುಗೀತು. ಮಣಿ ಇಲ್ಲ, ಗೊಂಡೆ ಇಲ್ಲ, ಕಟ್ಟೋ ಲಾಡಿ ಇಲ್ಲ. ಸಣ್ಣ ಮಕ್ಕಳಿಗೆ ಅದೆಲ್ಲ ಅಪಾಯ. ಅಮ್ಮ ಆಗಲೇ ಬಿಸಿನೀರಲ್ಲಿ ಒಗೆದು ಫ್ಯಾನ್ ಕೆಳಗೆ ಹಾಕಿದ್ರು. ಆ ಮೂರು ಗಂಟೆ ನನ್ನನ್ನ ಯಾರೂ ಸುಮ್ನೆ ಕೂತಿದೀಯ ಅನ್ಲಿಲ್ಲ. ಅಪ್ಪ ಬಂದು ಟೀ ಇಟ್ಟು ಹೋದ್ರು.

ಎರಡನೇ ಟೋಪಿ 19ರ ಸಂಜೆ ಆಸ್ಪತ್ರೆ ಬೆಂಚಿನ ಮೇಲೆ. ಮೂರನೇದು 20ಕ್ಕೆ, ಆಫೀಸಲ್ಲಿ ಪೋರ್ಟಲ್ ಗರಗರ ಸುತ್ತುತ್ತಾ ಇದ್ದಾಗ. 20ರ ದಿನ ಮಧ್ಯಾಹ್ನ ಪೋರ್ಟಲ್ ತೆರೆಯೋವರೆಗೆ ಟೋಪಿ ಹೆಣೀಬಹುದು, ಇದನ್ನ ಅಕೌಂಟ್ಸ್‌ನೋರೆಲ್ಲ ಒಪ್ತೀರ. ರಿಟರ್ನ್ಸೂ ಹೋಯ್ತು.

ಆಮೇಲೆ ಮಗೂನ ಅಕ್ಕನ ಎದೆ ಮೇಲೆ ಚರ್ಮಕ್ಕೆ ಚರ್ಮ ತಾಗೋ ಹಾಗೆ ಮಲಗಿಸೋಕೆ ಶುರು ಮಾಡಿದ್ರು. ಕಾಂಗರೂ ಆರೈಕೆ ಅಂತಾರೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಎಡ್ಗರ್ ರೇ ಅನ್ನೋ ಡಾಕ್ಟರು ಶುರು ಮಾಡಿದ್ದು, ಇನ್‌ಕ್ಯುಬೇಟರ್ ಸಾಲದೇ ಬಂದಾಗ. ಈಗ ವಿಶ್ವ ಆರೋಗ್ಯ ಸಂಸ್ಥೆ ಎಲ್ಲಾ ಕಡೆ ಇದನ್ನ ಮಾಡಿ ಅನ್ನುತ್ತೆ. ನಮ್ಮ ಕೊಪ್ಪಳ ಜಿಲ್ಲೇಲಿ ಸರ್ಕಾರಿ ಆಸ್ಪತ್ರೆಗಳಿಂದ ಮನೆವರೆಗೂ ಇದನ್ನ ದೊಡ್ಡದಾಗಿ ಮಾಡಿ ನೋಡಿದಾರೆ. ಮಗು ಮೈಮೇಲೆ ಇರೋದು ಡೈಪರ್, ಕಾಲುಚೀಲ, ಟೋಪಿ ಅಷ್ಟೇ. ಅಕ್ಕ ಗಂಟೆಗಟ್ಟಲೆ ಹಾಗೇ ಒರಗಿ ಕೂತಿರ್ತಿದ್ಲು, ಅವಳು ಸುಸ್ತಾದಾಗ ಭಾವ ಶರ್ಟ್ ಬಿಚ್ಚಿ ಕೂರ್ತಿದ್ರು. ನೋಡೋಕೆ ಬಂದ ನೆಂಟರೊಬ್ಬರು ಅಕ್ಕನಿಗೆ, "ಪಾಪ, ಇಡೀ ದಿನ ಸುಮ್ನೆ ಕೂತಿರೋದು ಬೇಜಾರಲ್ವಾ?" ಅಂದ್ರು. ಸಿಸ್ಟರ್ ತೂಕದ ಚಾರ್ಟ್ ಬರೀತಾ ಇದ್ದೋರು ತಲೆ ಎತ್ತದೆ, "ಸುಮ್ನೆ ಎಲ್ಲಿ ಕೂತಿದಾರೆ? ನಿನ್ನೆಯಿಂದ 20 ಗ್ರಾಂ" ಅಂದ್ರು.

ನನಗೆ ಆ ಚಾರ್ಟ್ ತುಂಬಾ ಇಷ್ಟ ಆಯ್ತು. ಕೂತ ಗಂಟೆಗೆ ಒಂದು ಕಾಲಂ, ತೂಕಕ್ಕೆ ಒಂದು ಕಾಲಂ.

ಈಗ ಮಗು ಹೊಸದುರ್ಗದಲ್ಲಿದೆ, ಗುಂಡಗೆ ಆಗಿದೆ. ಆಗ ದೊಡ್ಡದಾಗಿದ್ದ ಆ ಸೆಟ್ ಜನವರಿ ಕೊನೆಗೆ ಸರಿಯಾಗಿ ಕೂತ್ಕೊಂಡ್ತು, ಫೋಟೋ ಬಂದಿದೆ. ಕಾಲುಚೀಲ ಎರಡನ್ನೂ ಒಟ್ಟಿಗೆ ಎರಡು ಉಂಡೆ ಇಟ್ಕೊಂಡು ಹೆಣೆದಿದ್ದೆ. ಒಂದು ಮುಗಿಸಿ ಆಮೇಲೆ ಇನ್ನೊಂದು ಅಂತ ಬಿಟ್ರೆ ಆ ಇನ್ನೊಂದು ಬರೋದೇ ಇಲ್ಲ, ಇದು ಹೆಣಿಗೆ ಹಾಕೋರೆಲ್ಲರಿಗೂ ಗೊತ್ತಿರೋ ಕಾಯಿಲೆ. ಅಪ್ಪನ ಸ್ವೆಟರ್ ಎದೆ ಭಾಗ ಅರ್ಧಕ್ಕೆ ನಿಂತಿದೆ, ಚಳಿ ಹೋಯ್ತು. "ಮುಂದಿನ ವರ್ಷಕ್ಕೆ ಇರ್ಲಿ ಬಿಡಮ್ಮ" ಅಂದ್ರು. ಮಾರ್ಚ್ 31ರ ಕ್ಲೋಸಿಂಗ್ ಸ್ಟಾಕ್, ಏಪ್ರಿಲ್ 1ಕ್ಕೆ ಓಪನಿಂಗ್ ಸ್ಟಾಕ್. ಶಾಲು ಭಾನುವಾರಕ್ಕೆ ಎರಡು ಇಂಚಿನ ಹಾಗೆ ಬೆಳೀತಿದೆ.

ಹಾಗಾಗಿ ವಾಯ್ಸ್ ನೋಟ್ ಕಳಿಸಿದ ತಂಗಿಗೆ: ಒಂದು ಮುಗಿಸಿ ಇನ್ನೊಂದು ಅನ್ನೋದು ಇಡೀ ದಿನ ನಮ್ಮದೇ ಆಗಿರೋರಿಗೆ ಸರಿ. ನನ್ನ ಹತ್ರ ಇರೋದು ತುಂಡುಗಳು, ಅದಕ್ಕೆ ಹೊಂದೋ ಚೀಲಗಳು. ತುಂಡು ಟೈಮಲ್ಲಿ ಮಾಡಿದ್ರೂ ಪುಸ್ತಕದಲ್ಲಿ ಗಂಟೆ ಪೂರ್ತಿ ಬರೀರಿ. ಯಾರಿಗೂ ಬಿಲ್ ಕೊಡದೇ ಇದ್ರೂ ಬರೀರಿ.

ಮುಗಿಸೋ ಮುಂಚೆ ಒಂದು ಕೆಲಸ ಕೊಡ್ತೀನಿ. ನಾನು ಈ ಕಂತಲ್ಲಿ ಕುಣಿಕೆ, ಸಾಲು, ಸೀದಾ, ಉಲ್ಟಾ ಅಂತ ಹೇಳ್ದೆ. ನಮ್ಮಮ್ಮನೂ ಹಾಗೇ ಹೇಳ್ತಾರೆ. ಹಿರಿಯೂರು ಕಡೆ ನಿಮ್ಮಜ್ಜಿ ಏನಂತಾರೆ? ಕಾಸರಗೋಡಿಂದ ಕೇಳ್ತಿರೋರು, ಧಾರವಾಡದೋರು, ದುಬೈಯಲ್ಲಿರೋರು, ನಿಮ್ಮನೇಲಿ ಕುಣಿಕೆಗೆ, ಕಡ್ಡಿಗೆ, ತಪ್ಪಿ ಬಿಚ್ಚೋದಕ್ಕೆ ಯಾವ ಮಾತಿದೆ? ಮನೇಲಿ ಹೆಣೆಯೋರ ಹತ್ರ ಹೋಗಿ, ಅವರು ಕೂತಿರೋವಾಗಲೇ ರೆಕಾರ್ಡ್ ಮಾಡಿ ಕಳಿಸಿ, ಮೂವತ್ತು ಸೆಕೆಂಡ್ ಸಾಕು. ಸಾಲು ಮುಗಿಯೋವರೆಗೆ ಕಾದು ಕೇಳಿ, ಮಧ್ಯ ಸಾಲಲ್ಲಿ ಕರೀಬೇಡಿ. ಬಂದಿದ್ದನ್ನೆಲ್ಲ ಸೇರಿಸಿ ಒಂದು ಕಂತು ಮಾಡೋಣ. ಮುಂದಿನ ವಾರ ಮಾತ್ರ ಬೇರೆ ವಿಷಯ, ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲು, ಕುರಿ ಮೇಯೋ ಜಾಗದ ಕಥೆ. ಅಜ್ಜಿಯ ರಾಟೆ ಸದ್ದು ಪೂರ್ತಿಯಾಗಿ ಅದರಲ್ಲೇ ಹಾಕ್ತೀನಿ, ಇಯರ್‌ಫೋನ್ ಇಟ್ಕೊಂಡು ಬನ್ನಿ. ಸಿಗೋಣ.